ಗೊಂಬೆ ಸುಮ್ಮನೆ ಕುಳಿತಾಗ

ಈ ಸಂಚಿಕೆಗೆ ನಾನು ಏನು ಬರೆಯುತ್ತೇನೆಂದು ಸಂಪಾದಕ ಮಂಡಲಿಯ ಮಿತ್ರರೊಬ್ಬರು ಕೇಳಿದರು. ಕೊಲೆ ಮಾಡುವ ಗೊಂಬೆಯೊಂದನ್ನು ಕುರಿತು ಆರನೆಯ ಸಲ ತೆಗೆದ ಚಲನಚಿತ್ರವೇ ನನ್ನ ವಿಷಯ ಎಂದೆ. ಅವರು ತುಸು ಹೊತ್ತು ಮಾತನಾಡಲಿಲ್ಲ. ಒಬ್ಬರು ಕುಮಾರವ್ಯಾಸನ ಕರ್ಣನನ್ನು ಕುರಿತು ಬರೆದಿದ್ದಾರೆ. ಇನ್ನೊಬ್ಬರು ಹಳೇಬೀಡಿಗೆ ಹೋಗಿ ಬಂದು ಹತ್ತು ಹಾಳೆ ತುಂಬಿಸಿದ್ದಾರೆ. ಇವರ ನಡುವೆ ಚಾಕು ಹಿಡಿದ ಗೊಂಬೆಯೊಂದು ಬಂದು ಕುಳಿತರೆ ಸಂಚಿಕೆಯ ಗೌರವಕ್ಕೆ ಕುಂದಲ್ಲವೆ? ಈ ಸಂಶಯ ಅವರಿಗೆ ಬಂದುದು ಸಹಜವೇ. ಆದರೂ ವಾಚಕರು ಸ್ವಲ್ಪ ತಾಳ್ಮೆಯಿಂದ ನನ್ನ ಮಾತನ್ನು ಕೇಳಬೇಕೆಂದು ಬೇಡುತ್ತೇನೆ. ಆರನೆಯ ಸಲ ಹೇಳಿದ ಕಥೆಯೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದಾದರೆ, ನಮ್ಮ ಕಡೆಯ ಮೂಡಲಪಾಯದವರು ‘ಕರಿಭಂಟನ ಕಾಳಗ’ವನ್ನು ಎಂದೋ ಕೈಬಿಡಬೇಕಾಗಿತ್ತು. ಕಥೆ ಗೊತ್ತಿದ್ದವರೇ ಚಾಪೆ ಹಿಡಿದುಕೊಂಡು ಮೊದಲು ಬಂದು ಕೂರುತ್ತಾರೆ.

ಗೊಂಬೆಗೆ ಜೀವ ಬಂದರೆ ಎಂಬ ಭಯ ಹೊಸದೇನೂ ಅಲ್ಲ. ಅಮೆರಿಕದಲ್ಲಿ 1960ರಲ್ಲಿ ದಾರವೆಳೆದರೆ ಮಾತನಾಡುವ ‘ಚ್ಯಾಟಿ ಕ್ಯಾಥಿ’ ಎಂಬ ಗೊಂಬೆ ಮಾರಾಟಕ್ಕೆ ಬಂತು. 1963ರಲ್ಲಿ ‘ಟ್ವೈಲೈಟ್ ಝೋನ್’ ಎಂಬ ದೂರದರ್ಶನ ಮಾಲೆಯಲ್ಲಿ, ಅಂಥದೇ ಗೊಂಬೆಯೊಂದು ಮನೆಯ ಯಜಮಾನನಿಗೆ ‘ನಿನ್ನನ್ನು ಕೊಲ್ಲುತ್ತೇನೆ’ ಎನ್ನುವ ಕಥೆಯೊಂದು ಪ್ರಸಾರವಾಯಿತು. ಆಟದ ಗೊಂಬೆಗೂ ಆ ಕೊಲೆಗಡುಕ ಗೊಂಬೆಗೂ ಧ್ವನಿ ಕೊಟ್ಟವರು ಒಬ್ಬರೇ, ಜೂನ್ ಫೋರೇ ಎಂಬ ಕಲಾವಿದೆ. ಅಂಗಡಿಯಲ್ಲಿ ಮಗುವನ್ನು ಮುದ್ದು ಮಾಡಿದ ಕಂಠವೇ ರಾತ್ರಿ ತಂದೆಯನ್ನು ಹೆದರಿಸಿದರೆ ಜನಕ್ಕೆ ಹೇಗಾಗಿರಬೇಡ!

ನಾನು ಹೇಳಹೊರಟ ಸರಣಿ ಆರಂಭವಾದದ್ದು 1988ರಲ್ಲಿ, ‘ಚೈಲ್ಡ್ಸ್ ಪ್ಲೇ’ ಎಂಬ ಚಿತ್ರದಿಂದ. ನಿರ್ದೇಶಕ ಟಾಮ್ ಹಾಲೆಂಡ್. ಕಥೆ ಡಾನ್ ಮ್ಯಾನ್ಸೀನಿ ಎಂಬಾತನದು. ಈತ ಅದನ್ನು ಬರೆಯುವಾಗ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ನಮ್ಮ ಹಾಗೆಯೇ ವಿದ್ಯಾರ್ಥಿಯಾಗಿದ್ದ. (ನಮ್ಮ ತರಗತಿಯ ಕವಿಗಳು ಇದನ್ನು ಗಮನಿಸಬೇಕು.) ಆ ಹೊತ್ತಿಗೆ ಅಮೆರಿಕದ ಮಕ್ಕಳಿಗೆ ಗೊಂಬೆಗಳ ಹುಚ್ಚು ಹಿಡಿದಿತ್ತು. 1983ರಲ್ಲಿ ‘ಕ್ಯಾಬೇಜ್ ಪ್ಯಾಚ್’ ಎಂಬ ಗೊಂಬೆಗಾಗಿ ತಾಯಿತಂದೆಯರು ಅಂಗಡಿಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡಿದ್ದರು. ಮಕ್ಕಳಿಗೆ ಆಸೆ ಹುಟ್ಟಿಸಿ ದೊಡ್ಡವರ ಜೇಬಿಗೆ ಕೈಹಾಕುವ ಈ ವ್ಯಾಪಾರದ ಮೇಲೆ ಮ್ಯಾನ್ಸೀನಿಯ ಕಣ್ಣು ಬಿತ್ತು.

ಕಥೆ ಸರಳವಾದುದು. ಷಿಕಾಗೊ ನಗರದ ಚಾರ್ಲ್ಸ್ ಲೀ ರೇ ಎಂಬ ಕೊಲೆಗಾರ ಪೋಲೀಸರ ಗುಂಡಿಗೆ ಸಿಕ್ಕು ಸಾಯುವ ಹೊತ್ತಿಗೆ ಮಂತ್ರ ಹೇಳಿ ತನ್ನ ಜೀವವನ್ನು ಒಂದು ಆಟದ ಗೊಂಬೆಯೊಳಕ್ಕೆ ಸೇರಿಸುತ್ತಾನೆ. ಗೊಂಬೆಯ ಹೆಸರು ಚಕ್ಕಿ. ಕೆರೆನ್ ಎಂಬ ವಿಧವೆ ಅಂಗಡಿಯೊಂದರಲ್ಲಿ ಸರಕು ಮಾರುವ ಕೆಲಸದವಳು. ಆರು ವರ್ಷದ ಮಗ ಆಂಡಿಗೆ ಆ ಗೊಂಬೆ ಬೇಕೇ ಬೇಕು. ಅಂಗಡಿಯ ಬೆಲೆ ತೆರುವ ಶಕ್ತಿ ಅವಳಿಗಿಲ್ಲ. ಹಿಂದಿನ ಗಲ್ಲಿಯಲ್ಲಿ ಬೀದಿ ವ್ಯಾಪಾರಿಯೊಬ್ಬ ಅಗ್ಗಕ್ಕೆ ಕೊಟ್ಟದ್ದನ್ನು ಕೊಂಡು ತರುತ್ತಾಳೆ. ಬಡತಾಯಿ ಮಗನ ಹುಟ್ಟುಹಬ್ಬಕ್ಕೆ ತಂದ ಅಗ್ಗದ ವಸ್ತುವೇ ಮನೆಗೆ ಮೃತ್ಯುವಾಗಿ ಬರುತ್ತದೆ. ನಮ್ಮಂಥ ಮನೆಗಳಿಂದ ಬಂದವರಿಗೆ ಇದರಲ್ಲಿ ಮಂತ್ರಕ್ಕಿಂತ ಬೆಲೆಯ ವಿಚಾರವೇ ಮೊದಲು ಮನಸ್ಸಿಗೆ ತಟ್ಟುತ್ತದೆ.

ಅದರಲ್ಲಿ ಒಂದು ದೃಶ್ಯವುಂಟು. ಗೊಂಬೆ ಮನೆಗೆ ಬಂದು ದಿನಗಳಾಗಿವೆ. ಮಾತನಾಡಿದೆ, ಕತ್ತು ತಿರುಗಿಸಿದೆ. ಕೆರೆನ್ ಬೇಸರದಿಂದ ಗೊಂಬೆಯ ಪೆಟ್ಟಿಗೆಯನ್ನು ಎತ್ತಿ ನೋಡುತ್ತಾಳೆ. ಒಳಗಿಂದ ಬ್ಯಾಟರಿಗಳು ಟಪ್ಪೆಂದು ನೆಲಕ್ಕೆ ಬೀಳುತ್ತವೆ. ಅವನ್ನು ಯಾರೂ ಗೊಂಬೆಗೆ ಹಾಕಿಯೇ ಇರಲಿಲ್ಲ! ರಕ್ತವಿಲ್ಲ, ಚಾಕುವಿಲ್ಲ, ಎರಡು ಬ್ಯಾಟರಿ, ಅಷ್ಟೆ. ಇಡೀ ಸರಣಿಯಲ್ಲಿ ಇದಕ್ಕಿಂತ ಭಯಂಕರವಾದದ್ದು ಇಲ್ಲವೆಂದು ನನ್ನ ಅಭಿಪ್ರಾಯ.

ಗೊಂಬೆಯನ್ನು ಮಾಡಿದವನು ಕೆವಿನ್ ಯೇಗರ್. ಅದರೊಳಗೆ ಸಣ್ಣ ಸಣ್ಣ ಯಂತ್ರಗಳಿದ್ದು, ಹಲವು ಮಂದಿ ಮರೆಯಲ್ಲಿ ಕುಳಿತು ಒಬ್ಬರು ಹುಬ್ಬು, ಒಬ್ಬರು ತುಟಿ, ಒಬ್ಬರು ಕಣ್ಣು ಎಂದು ಆಡಿಸುತ್ತಿದ್ದರು. ನಡೆಯುವ ಕೆಲವು ದೃಶ್ಯಗಳಿಗೆ ಎಡ್ ಗೇಲ್ ಎಂಬ ಕುಳ್ಳ ನಟ ಗೊಂಬೆಯ ವೇಷ ಹಾಕಿದ. ಅವನು ಗೊಂಬೆಯಷ್ಟೇ ಕಾಣಲೆಂದು ಮೇಜು ಕುರ್ಚಿಗಳನ್ನೂ ಗೋಡೆಗಳನ್ನೂ ದೊಡ್ಡದಾಗಿ ಕಟ್ಟಿದರಂತೆ. ಇನ್ನೊಂದು ಸ್ವಾರಸ್ಯ: ಗೊಂಬೆ ಮಾಡಿದ ಯೇಗರ್‌ನೂ, ಗೊಂಬೆಗೆ ಹೆದರಿ ಕಿರುಚಿದ ತಾಯಿಯ ಪಾತ್ರದ ಕ್ಯಾಥರೀನ್ ಹಿಕ್ಸ್‌ಳೂ ಆ ಚಿತ್ರೀಕರಣದಲ್ಲಿ ಪರಿಚಯವಾಗಿ 1990ರಲ್ಲಿ ಮದುವೆಯಾದರು. ಒಟ್ಟಿನಲ್ಲಿ ಚಕ್ಕಿಯಿಂದ ಒಂದಾದರೂ ಶುಭಕಾರ್ಯ ನಡೆಯಿತು.

ಎರಡನೆಯದು 1990ರಲ್ಲಿ, ಮೂರನೆಯದು 1991ರಲ್ಲಿ ಬಂದುವು. ನಮ್ಮ ದೇಶದಲ್ಲಿಯೂ ಸುಮ್ಮನಿರಲಿಲ್ಲ. ಹಿಂದಿಯವರು ಮೊದಲ ಚಿತ್ರದ ಕಥೆಯನ್ನೇ ಹಿಡಿದು ಕರಿಷ್ಮಾ ಕಪೂರ್‌ಳನ್ನು ಹಾಕಿಕೊಂಡು 1996ರಲ್ಲಿ ‘ಪಾಪಿ ಗುಡಿಯಾ’ ಎಂಬುದನ್ನು ತೆಗೆದರು. 1998ರ ನಾಲ್ಕನೆಯ ಚಿತ್ರದಲ್ಲಿ ಚಕ್ಕಿಗೆ ಮದುವೆಯಾಯಿತು, ಹೆಂಡತಿಯೂ ಗೊಂಬೆಯೇ. 2004ರ ಐದನೆಯದರಲ್ಲಿ ಮಗುವೂ ಕಾಣಿಸಿಕೊಂಡಿತು! ಇಷ್ಟು ಹೊತ್ತಿಗೆ ಭಯ ಎಲ್ಲೋ ಓಡಿಹೋಗಿ ನಗು ಬಂದು ಕೂತಿತ್ತು. ಗಂಡಹೆಂಡಿರ ಜಗಳ, ಹಾಸ್ಯ, ಸಿನಿಮಾ ಲೋಕವನ್ನೇ ಗೇಲಿ ಮಾಡುವುದು — ಇವೆಲ್ಲ ಕೆಲವರಿಗೆ ಹಿಡಿಸಿದುವು, ಬಹುಮಂದಿಗೆ ಹಿಡಿಸಲಿಲ್ಲ. ಕೊಲೆಗಾರ ಸಂಸಾರಿಯಾದರೆ ಹೆದರುವವರಾರು? ಐದನೆಯದು ಬಂದ ಮೇಲೆ ಒಂಬತ್ತು ವರ್ಷ ಹೊಸ ಚಿತ್ರವಿರಲಿಲ್ಲ.

ಹೀಗಿರಲು 2013ರಲ್ಲಿ ಆರನೆಯದು ಬಂತು: ‘ಕರ್ಸ್ ಆಫ್ ಚಕ್ಕಿ’, ಎಂದರೆ ಚಕ್ಕಿಯ ಶಾಪ. ಬರೆದವನೂ ನಿರ್ದೇಶಿಸಿದವನೂ ಅದೇ ಮ್ಯಾನ್ಸೀನಿ. ಮೊದಲಿನ ಐದೂ ಅಮೆರಿಕದ ಚಿತ್ರಮಂದಿರಗಳಲ್ಲಿ ಟಿಕೀಟು ಮಾರಿಕೊಂಡು ನಡೆದಂಥವು. ಇದಕ್ಕೆ ಆ ಭಾಗ್ಯವಿರಲಿಲ್ಲ. ಮಾಂಟ್ರಿಯಲ್‌ನ ಒಂದು ಚಿತ್ರೋತ್ಸವದಲ್ಲಿ ತೋರಿಸಿ, ನೇರವಾಗಿ ಮನೆಮನೆಯಲ್ಲಿ ನೋಡುವ ಡಿಸ್ಕುಗಳಾಗಿ ಕಳುಹಿಸಿಬಿಟ್ಟರು. ದೊಡ್ಡ ಮನೆತನದಲ್ಲಿ ಕೊನೆಗೆ ಹುಟ್ಟಿದ ಮಗನಿಗೆ ಅಣ್ಣಂದಿರ ಹಳೆಯ ಅಂಗಿಗಳೇ ಗತಿಯಲ್ಲವೆ, ಹಾಗೆ. ಆದರೆ ಈ ಕೈಬಿಗಿತವೇ ಅದಕ್ಕೆ ಒಳ್ಳೆಯದನ್ನು ಮಾಡಿತೆಂದು ನನಗೆ ತೋರುತ್ತದೆ. ಕೆನಡಾದ ವಿನ್ನಿಪೆಗ್‌ನಲ್ಲಿ ಚಿತ್ರ ತೆಗೆದರು. ಹೆಚ್ಚುಕಡಿಮೆ ಒಂದೇ ಮನೆ, ಒಂದೇ ಮಳೆಯ ರಾತ್ರಿ, ಬೆರಳೆಣಿಕೆಯ ಪಾತ್ರಗಳು. ಹಳೆಯ ಕಾಲದ ದೊಡ್ಡ ಮನೆ. ಕತ್ತಲೆ ತುಂಬಿದ ಮಹಡಿ, ಮೇಲೆ ಅಟ್ಟ, ನಡುವೆ ಪಂಜರದಂಥ ಒಂದು ಲಿಫ್ಟು.

ಮುಖ್ಯವಾದ ವಿಷಯವೆಂದರೆ, ಇದರಲ್ಲಿ ಗೊಂಬೆ ಸುಮ್ಮನೆ ಕುಳಿತಿರುತ್ತದೆ. ಹಿಂದಿನ ಎರಡು ಚಿತ್ರಗಳಲ್ಲಿ ಬಾಯಿಗೆ ಬಿಡುವಿಲ್ಲದಂತೆ ಮಾತನಾಡಿದ ಚಕ್ಕಿ ಇಲ್ಲಿ ಬಹಳ ಹೊತ್ತು ನಿಜವಾದ ಗೊಂಬೆಯಾಗಿಯೇ ಇರುತ್ತಾನೆ. ಕುರ್ಚಿಯ ಮೇಲೆ ಕಾಣುತ್ತಾನೆ. ಮತ್ತೆ ನೋಡಿದರೆ ಕುರ್ಚಿ ಬರಿದಾಗಿದೆ. ಎದ್ದು ಹೋದದ್ದನ್ನು ನಮಗೆ ತೋರಿಸುವುದಿಲ್ಲ. ಐದು ಚಿತ್ರ ನೋಡಿದವನಿಗೆ ಈ ಗೊಂಬೆ ಏನು ಮಾಡಬಲ್ಲುದೆಂದು ಚೆನ್ನಾಗಿ ಗೊತ್ತು; ಆ ಮನೆಯವರಿಗೆ ಗೊತ್ತಿಲ್ಲ. ನಮ್ಮ ತಿಳಿವಳಿಕೆಯೇ ನಮಗೆ ಶೂಲವಾಗುತ್ತದೆ. ಮೊದಲ ಚಿತ್ರಕ್ಕೆ ಈ ಅನುಕೂಲವಿರಲಿಲ್ಲ. ಇಷ್ಟು ತಡವಾಗಿ ಬಂದ ಉತ್ತರಭಾಗ ಮಾತ್ರ ಇದನ್ನು ಮಾಡಬಲ್ಲುದು.

ಊಟದ ದೃಶ್ಯವೊಂದನ್ನು ಹೇಳದೆ ಮುಂದೆ ಹೋಗಲಾರೆ. ಮನೆಯ ಹುಡುಗಿ ಖಾರದ ಗಟ್ಟಿ ಸಾರೊಂದನ್ನು ಮಾಡಿ ಬಟ್ಟಲುಗಳಿಗೆ ಬಡಿಸಿಟ್ಟಿದ್ದಾಳೆ. ಅವುಗಳಲ್ಲೊಂದಕ್ಕೆ ಚಕ್ಕಿ ಇಲಿಪಾಷಾಣ ಸುರಿದಿದ್ದಾನೆ. ಯಾವ ಬಟ್ಟಲೆಂಬುದು ನಮಗೆ ತಿಳಿಯದು. ಎಲ್ಲರೂ ಮೇಜಿನ ಸುತ್ತ ಕುಳಿತು ಮಾತನಾಡುತ್ತ ಉಣ್ಣುತ್ತಾರೆ. ಕ್ಯಾಮೆರಾ ಮೇಲಿನಿಂದ ಬಟ್ಟಲುಗಳನ್ನು ನೋಡುತ್ತದೆ. ಊಟದಲ್ಲಿ ಒಂದು ಮಗುವೂ ಉಂಟು. ಚಮಚ ಬಾಯಿಗೆ ಹೋದಾಗಲೆಲ್ಲ ನೋಡುವವನ ಗಂಟಲು ಕಟ್ಟುತ್ತದೆ. ಯಾರಿಗೆ ವಿಷ ಸಿಕ್ಕಿತೆಂಬುದನ್ನು ಬರೆದು, ನೋಡದವರ ಸಂತೋಷವನ್ನು ಕೆಡಿಸುವುದಿಲ್ಲ.

ಆ ಮನೆಯ ಹುಡುಗಿಯ ಹೆಸರು ನಿಕಾ. ಹುಟ್ಟಿದಾಗಿನಿಂದ ಅವಳಿಗೆ ಕಾಲುಗಳಲ್ಲಿ ಶಕ್ತಿಯಿಲ್ಲ, ಗಾಲಿಕುರ್ಚಿಯಲ್ಲಿಯೇ ಓಡಾಟ. ತಾಯಿಯೊಡನೆ ಇದ್ದಾಳೆ. ಒಂದು ದಿನ ಅಂಚೆಯಲ್ಲಿ ಗೊಂಬೆ ಬರುತ್ತದೆ. ಅದೇ ರಾತ್ರಿ ತಾಯಿ ಸತ್ತು ಬಿದ್ದಿರುತ್ತಾಳೆ, ಆತ್ಮಹತ್ಯೆಯೆಂದು ತೀರ್ಮಾನವಾಗುತ್ತದೆ. ಮರುದಿನ ಅಕ್ಕ ಬಾರ್ಬ್ ಗಂಡನನ್ನೂ ಮಗಳನ್ನೂ ಮಗುವನ್ನು ನೋಡಿಕೊಳ್ಳುವ ಹುಡುಗಿಯನ್ನೂ ಒಬ್ಬ ಪಾದ್ರಿಯನ್ನೂ ಕರೆದುಕೊಂಡು ಬರುತ್ತಾಳೆ. ಬಂದವಳ ಮನಸ್ಸಿನಲ್ಲಿರುವುದು ಮನೆ ಮಾರಾಟ. ಮನೆ ಮಾರಿಬಿಡೋಣ, ಬಂದ ಹಣದಲ್ಲಿ ನಿನ್ನನ್ನು ನೋಡಿಕೊಳ್ಳುವವರು ಇರುವ ಕಡೆ ನಿನ್ನನ್ನು ಸೇರಿಸೋಣ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ — ಈ ರೀತಿಯ ಮಾತು. ಅಡಿಗೆ ಮಾಡಿ ಬಡಿಸುವವಳು ನಿಕಾ. ಉಂಡು ಅವಳ ಅಸಹಾಯಕತೆಯನ್ನು ಕುರಿತು ಮಾತನಾಡುವವರು ಇವರು.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ವಿದ್ಯಾರ್ಥಿನಿಲಯದಲ್ಲಿ, ಗೆಳೆಯರ ಗಲಾಟೆಯ ನಡುವೆ. ಎರಡನೆಯ ಸಲ ನೋಡಿದ್ದು ಕಳೆದ ದಸರೆಯ ರಜೆಯಲ್ಲಿ, ನಮ್ಮ ಮನೆಯ ನಡುಮನೆಯಲ್ಲಿ, ಸೋದರತ್ತೆಯ ಪಕ್ಕದಲ್ಲಿ ಕುಳಿತು, ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ. ನಮ್ಮದು ತೆಂಗಿನ ಸೀಮೆಯ ಹಳ್ಳಿ. ಮನೆಯ ಅಟ್ಟದ ತುಂಬ ಕೊಬ್ಬರಿಯಾಗಲೆಂದು ಹಾಕಿದ ಕಾಯಿ. ರಾತ್ರಿ ಇಲಿ ಓಡಿದರೆ ಕಾಯಿ ಉರುಳುವ ಸದ್ದು. ಚಕ್ಕಿಯನ್ನು ನೋಡಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಬೇರೆಯಿಲ್ಲ.

ಅತ್ತೆಗೆ ಈಗ ನಲವತ್ತೆಂಟು ವರ್ಷ. ಮೂರನೆಯ ವರ್ಷದಲ್ಲಿ ಜ್ವರ ಬಂದು ಪೋಲಿಯೋ ಎರಡು ಕಾಲನ್ನೂ ತೆಗೆದುಕೊಂಡಿತು. ನಾಲ್ಕನೆಯ ತರಗತಿಯವರೆಗೆ ನನ್ನ ತಾತ ಹೆಗಲ ಮೇಲೆ ಹೊತ್ತುಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದರಂತೆ. ತಾತನಿಗೆ ಸೊಂಟ ಹಿಡಿದ ಮೇಲೆ ಶಾಲೆಯೂ ನಿಂತಿತು. ನೆಲದ ಮೇಲೆ ಕೈಯೂರಿ ಸರಿದಾಡಿಕೊಂಡು ಮನೆಯ ಅರ್ಧ ಕೆಲಸ ಅವರೇ ಮಾಡುತ್ತಾರೆ. ನನಗೆ ಅಕ್ಷರ ಕಲಿಸಿದವರೂ ಅವರೇ. ಅಪ್ಪ ಅವ್ವ ತೋಟಕ್ಕೆ ಹೋದಾಗ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ್ದು ನನಗೆ ನೆನಪಿದೆ. ಈ ಮನೆಯಲ್ಲಿ ಬಿ.ಎ. ಮುಟ್ಟಿದವನು ನಾನೇ ಮೊದಲನೆಯವನು. ಆ ಬಿ.ಎ.ಯಲ್ಲಿ ಕಲಿತ ಇಂಗ್ಲಿಷು ಅತ್ತೆಗೆ ಒಂದು ಕೊಲೆಗಡುಕ ಗೊಂಬೆಯ ಮಾತುಗಳನ್ನು ಕನ್ನಡ ಮಾಡಿ ಹೇಳುವುದಕ್ಕೆ ಉಪಯೋಗವಾಯಿತು! ಬೈಗುಳಗಳನ್ನು ಅಲ್ಲಲ್ಲಿ ಹಾರಿಸಿದೆ. ಅವರು ಬಿಡಲಿಲ್ಲ. “ಅವ್ನು ಇಷ್ಟುದ್ದ ಅಂದ, ನೀನು ಇಷ್ಟೇ ಹೇಳ್ದೆ. ಮಿಕ್ಕಿದ್ದೇನಪ್ಪ?” ಎಂದು ಪಟ್ಟು ಹಿಡಿದರು. ಗೊಂಬೆಯ ಹೆಸರು ಮಾತ್ರ ಅವರ ಬಾಯಲ್ಲಿ ಕೊನೆಯವರೆಗೂ ‘ಚಕ್ಕುಲಿ’ಯೇ.

ಅತ್ತೆ ಹೆದರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಮೊದಲ ಕೊಲೆಯಾದಾಗ ಸೆರಗು ಬಾಯಿಗೆ ಹೋಯಿತು. ಆದರೆ ನಾನು ಅವರ ಮುಖ ನೋಡಿದ್ದು ಬೇರೆ ಕಡೆ. ಬಾರ್ಬ್ ತಂಗಿಗೆ ಮನೆ ಮಾರುವ ಮಾತು ಹೇಳುವಲ್ಲಿ ಅತ್ತೆ ಕೈಸನ್ನೆಯಿಂದಲೇ ನಿಲ್ಲಿಸೆಂದರು. ನಿಲ್ಲಿಸಿದೆ. “ಇವ್ಳು ಅವ್ಳ ಒಡಹುಟ್ಟಿದೋಳಾ?” ಎಂದು ಕೇಳಿದರು. ಹೌದೆಂದೆ. “ಹೂಂ, ಬಿಡು” ಎಂದರು. ಮತ್ತೆ ಏನೂ ಹೇಳಲಿಲ್ಲ.

ಅವರು ಏಕೆ ಹಾಗೆಂದರೆಂದು ನನಗೆ ಗೊತ್ತಿತ್ತು. ಅದಕ್ಕೆ ಎರಡು ತಿಂಗಳ ಮುಂಚೆ ಪಟ್ಟಣದಿಂದ ಬಂಧುಗಳು ಬಂದಿದ್ದರು. ತಾತನ ಮನೆಯನ್ನೂ ಹಿಂದಿನ ಹಿತ್ತಲನ್ನೂ ಮಾರಿ ಹಂಚಿಕೊಳ್ಳುವ ಮಾತು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕೆಂದು 2005ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಅತ್ತೆಯ ಸಹಿಯಿಲ್ಲದೆ ಇದು ನಡೆಯದು. ಆದ್ದರಿಂದ ಹಕ್ಕುಬಿಡುಗಡೆ ಪತ್ರವೊಂದನ್ನು ಬರೆಸಿಕೊಂಡೇ ಬಂದಿದ್ದರು. ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಕೆಳಗೆ ಕುಳಿತ ಅತ್ತೆಯ ತಲೆಯ ಮೇಲಿಂದ ಒಬ್ಬರಿಗೊಬ್ಬರು ಮಾತನಾಡಿದರು. “ಅವಳಿಗೇನು ಕಮ್ಮಿ, ಯಾರಾದ್ರೂ ನೋಡ್ಕೋತಾರೆ.” “ಒಳ್ಳೇ ಆಶ್ರಮಗಳಿದಾವೆ ಈಗ.” ಅತ್ತೆ ಎರಡು ಸಲ “ಅಣ್ಣಾ” ಎಂದರು. ಎರಡು ಸಲವೂ ಅದು ಕಾಫಿ ಬೇಕೇ ಎಂದು ಕೇಳಿದಂತೆ ಅವರಿಗೆ ಕೇಳಿಸಿತು. ಹಾಕಬೇಕಾದ ಸಹಿಯ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಪತ್ರವನ್ನು ಅಪ್ಪನ ಕೈಗೆ ಕೊಟ್ಟು ಹೋದರು; ಅತ್ತೆಯ ಕೈಗೆ ಕೊಡಲಿಲ್ಲ. ಅವರಾರೂ ದುಷ್ಟರಲ್ಲ. ಹಬ್ಬಕ್ಕೆ ಅತ್ತೆಗೆ ಸೀರೆ ತರುವವರೇ. ಅದೇ ನನಗೆ ಕಷ್ಟವಾಗುವುದು.

ಚಕ್ಕಿಯ ಸರಣಿಯನ್ನು ಈಗ ಹಿಂದಕ್ಕೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. 1988ರಲ್ಲಿ ಆಂಡಿ ಎಂಬ ಬಾಲಕ ಗೊಂಬೆಯೇ ಕೊಲೆ ಮಾಡಿತೆಂದು ಹೇಳುತ್ತಾನೆ. ದೊಡ್ಡವರು ಅವನನ್ನು ಮಾನಸಿಕ ಚಿಕಿತ್ಸೆಗೆ ಕೂಡಿಹಾಕುತ್ತಾರೆ. 1990ರ ಚಿತ್ರದ ಹೊತ್ತಿಗೆ ಮಗನ ಮಾತು ನಿಜವೆಂದು ಸಾಕ್ಷಿ ಹೇಳಿದ ತಾಯಿ ಕೆರೆನ್‌ಳನ್ನೂ ಹುಚ್ಚಾಸ್ಪತ್ರೆಗೆ ಸೇರಿಸಲಾಗಿದೆ. ಹುಡುಗ ಪರರ ಮನೆಯ ಪಾಲು. 2013ರಲ್ಲಿ ನಿಕಾಳ ಸರದಿ. ಮೊದಲು ಮಗು, ಆಮೇಲೆ ಬಡವಿಧವೆ, ಆಮೇಲೆ ನಡೆಯಲಾರದ ಹೆಣ್ಣು: ಮನೆಯಲ್ಲಿ ಯಾರ ಮಾತಿಗೆ ಬೆಲೆ ಕಡಿಮೆಯೋ ಅವರನ್ನೇ ಹುಡುಕಿಕೊಂಡು ಈ ಗೊಂಬೆ ಬರುತ್ತದೆ. ಚಕ್ಕಿಯ ಬಲ ಅವನ ಚಾಕುವಿನಲ್ಲಿಲ್ಲ. ಎರಡಡಿಯ ಗೊಂಬೆಯ ಚಾಕುವಿಗೆ ಯಾರು ಹೆದರಬೇಕು? ಅವನನ್ನು ಕಂಡವರ ಮಾತನ್ನು ಯಾರೂ ನಂಬುವುದಿಲ್ಲವೆಂಬುದರಲ್ಲಿ ಅವನ ಬಲವಿದೆ. ಪಾಪದ ಮುಖ ಹೊತ್ತು ಸೋಫಾದ ಮೇಲೆ ಕುಳಿತರೆ ಅವನಿಗೆ ಅಷ್ಟೇ ಸಾಕು. ಮಿಕ್ಕದ್ದನ್ನು ಮನೆಯವರೇ ಮಾಡಿಕೊಡುತ್ತಾರೆ.

ನಿಕಾ ದಡ್ಡಿಯಲ್ಲ. ಎಲ್ಲರಿಗಿಂತ ಮೊದಲು ಸಂಶಯ ಬಂದದ್ದು ಅವಳಿಗೆ. ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ಕೊಲೆಗಳ ಸುದ್ದಿಯನ್ನು ಹುಡುಕಿ ಓದುತ್ತಾಳೆ. ಮನೆಯ ವಿದ್ಯುತ್ ಹೋಗಿ ಲಿಫ್ಟು ನಿಂತ ಮೇಲೆ ಗಾಲಿಕುರ್ಚಿ ಬಿಟ್ಟು ಕೈಗಳ ಬಲದಿಂದಲೇ ಮೆಟ್ಟಿಲು ಹತ್ತುತ್ತಾಳೆ. ಒಂದೊಂದು ಮೆಟ್ಟಿಲಿಗೂ ದೇಹವನ್ನು ಎಳೆದುಕೊಳ್ಳಬೇಕು. ಅತ್ತೆ ಇದನ್ನು ನೋಡುತ್ತ, “ಕೈ ಹಾಗಲ್ಲ, ಮೊಣಕೈ ಊರ್ಬೇಕು” ಎಂದು ಪರದೆಗೆ ಬುದ್ಧಿ ಹೇಳಿದರು. ನಿಕಾಳ ಪಾತ್ರ ವಹಿಸಿದ ಫಿಯೋನಾ ಡೂರಿಫ್ ನಡೆಯಬಲ್ಲವಳೇ. ನಲವತ್ತೈದು ವರ್ಷ ತೆವಳಿದವರ ಕಣ್ಣಿಗೆ ಅದು ತಪ್ಪಿಸಿಕೊಳ್ಳಲಿಲ್ಲ. ಹೊಟ್ಟೆಪಾಡಿಗೆ ಚಿತ್ರವಿಮರ್ಶೆ ಬರೆಯುವವರಲ್ಲಿ ಎಷ್ಟು ಮಂದಿಗೆ ಇದು ಕಂಡಿತೋ!

ಈ ಫಿಯೋನಾ ಯಾರ ಮಗಳೆಂಬುದೂ ಹೇಳತಕ್ಕ ಮಾತು. 1988ರಿಂದ ಚಕ್ಕಿಗೆ ಧ್ವನಿಯಾಗಿರುವ ಬ್ರ್ಯಾಡ್ ಡೂರಿಫ್ ಅವಳ ತಂದೆ. ಈತ ಸಾಮಾನ್ಯ ನಟನಲ್ಲ. 1975ರಲ್ಲಿ ಮಾನಸಿಕ ಆಸ್ಪತ್ರೆಯ ಕಥೆಯಾದ ‘ಒನ್ ಫ್ಲೂ ಓವರ್ ದ ಕಕೂಸ್ ನೆಸ್ಟ್’ ಚಿತ್ರದಲ್ಲಿ ತೊದಲುಮಾತಿನ ರೋಗಿಯ ಪಾತ್ರ ಮಾಡಿ ಆಸ್ಕರ್ ಪ್ರಶಸ್ತಿಗೆ ಹೆಸರು ಸೂಚಿತನಾದವನು. ಆರನೆಯ ಚಿತ್ರದಲ್ಲಿ ಗೊಂಬೆಯ ಕಂಠ ತಂದೆಯದು, ಗೊಂಬೆಯನ್ನು ಎದುರಿಸುವ ಹುಡುಗಿ ಮಗಳು. ನಿಕಾಳ ಕಾಲು ಹೋದದ್ದಕ್ಕೆ ಕಾರಣವೂ ಚಕ್ಕಿಯೇ ಎಂದು ಆಮೇಲೆ ಹೊರಬೀಳುತ್ತದೆ: ಅವನು ಮನುಷ್ಯನಾಗಿದ್ದಾಗ, ಬಸುರಿಯಾಗಿದ್ದ ಅವಳ ತಾಯಿಯ ಹೊಟ್ಟೆಗೆ ಚಾಕು ಹಾಕಿದ್ದ. ಆ ಹಿಂದಿನ ಕಥೆಯಲ್ಲಿ ಬ್ರ್ಯಾಡ್ ಡೂರಿಫ್ ಸ್ವತಃ ಕಾಣಿಸಿಕೊಳ್ಳುತ್ತಾನೆ. ಹುಟ್ಟುವ ಮುಂಚೆಯೇ ತನ್ನ ಬಾಳನ್ನು ಕೆಡಿಸಿದವನು ಆಟದ ಗೊಂಬೆಯ ರೂಪದಲ್ಲಿ ಅಂಚೆಯಲ್ಲಿ ಬಂದು ಬಾಗಿಲು ತಟ್ಟಿದನೆಂದರೆ ಅದು ಶಾಪವಲ್ಲದೆ ಮತ್ತೇನು?

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಗೊಂಬೆ ಎದ್ದು ಬಾಯಿಬಿಟ್ಟ ಮೇಲೆ ಮೊದಲರ್ಧದ ಬಿಗಿ ಸಡಿಲುತ್ತದೆ. ರಕ್ತ ಬೇಕಾದುದಕ್ಕಿಂತ ಹೆಚ್ಚು. ಕೊನೆಯಲ್ಲಿ ಹಳೆಯ ಅಭಿಮಾನಿಗಳನ್ನು ಮೆಚ್ಚಿಸಲು ನಾಲ್ಕನೆಯ ಚಿತ್ರದ ನಟಿ ಜೆನಿಫರ್ ಟಿಲಿಯನ್ನೂ, ಎಲ್ಲ ಮುಗಿದು ಹೆಸರುಗಳು ಸರಿದ ಮೇಲೆ ಆಂಡಿಯನ್ನೂ ಕರೆತಂದಿದ್ದಾರೆ. ಟಿಲಿಯ ಪ್ರವೇಶ ನನಗೆ ಅನಾವಶ್ಯಕವೆನಿಸಿತು. ಆಂಡಿಯದು ಹಾಗಲ್ಲ: 1988ರಲ್ಲಿ ಆರು ವರ್ಷದ ಹುಡುಗನ ಪಾತ್ರ ಮಾಡಿದ ಅಲೆಕ್ಸ್ ವಿನ್ಸೆಂಟ್‌ನೇ ಬೆಳೆದು ಗಂಡಸಾಗಿ, ಬಂದೂಕು ಹಿಡಿದು ನಿಂತಿದ್ದಾನೆ. ಬೇಷೆನ್ನದೆ ಇರಲಾಗುವುದಿಲ್ಲ.

ಇಂಥ ಚಿತ್ರಗಳನ್ನು ನೋಡಿ ಹುಡುಗರು ಕೆಡುತ್ತಾರೆಂಬ ಮಾತನ್ನು ನಮ್ಮ ಅಧ್ಯಾಪಕರಲ್ಲಿ ಕೆಲವರು ಹೇಳುವುದುಂಟು. ಅವರ ಕಾಳಜಿಯನ್ನು ಗೌರವಿಸುತ್ತೇನೆ. 1993ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಳಿ ಇಬ್ಬರು ಬಾಲಕರು ಒಂದು ಪುಟ್ಟ ಮಗುವನ್ನು ಕೊಂದಾಗ ಪತ್ರಿಕೆಗಳು ಈ ಸರಣಿಯ ಮೂರನೆಯ ಚಿತ್ರದ ಕಡೆ ಬೆರಳು ತೋರಿದ್ದುವು. ಆದರೆ ಆ ಬಾಲಕರು ಅದನ್ನು ನೋಡಿದ್ದರೆಂಬುದಕ್ಕೆ ಪೋಲೀಸರಿಗೆ ಸಾಕ್ಷ್ಯವೇನೂ ಸಿಗಲಿಲ್ಲ. ಗೊಂಬೆಯ ಮೇಲೆ ತಪ್ಪು ಹೊರಿಸುವುದು ಸುಲಭ. ವಿಚಿತ್ರವೆಂದರೆ ಚಿತ್ರದೊಳಗೆ ಗೊಂಬೆಯನ್ನು ಯಾರೂ ಸಂಶಯಪಡುವುದಿಲ್ಲ. ಚಿತ್ರದ ಹೊರಗೆ ಎಲ್ಲರಿಗೂ ಗೊಂಬೆಯ ಮೇಲೆಯೇ ಸಂಶಯ.

ಕಥೆಯ ಮುಕ್ತಾಯಕ್ಕೆ ಬರೋಣ. ಹೆಣಗಳು ಬಿದ್ದ ಮೇಲೆ ಭಾವ ನಿಕಾಳೇ ಕೊಲೆಗಾತಿಯೆಂದು ತಿಳಿದು ಅವಳನ್ನು ಅವಳ ಗಾಲಿಕುರ್ಚಿಗೇ ಕಟ್ಟಿಹಾಕುತ್ತಾನೆ. ಗೊಂಬೆಯೊಳಗೆ ತಾನೇ ಅಡಗಿಸಿಟ್ಟಿದ್ದ ಕ್ಯಾಮೆರಾದಲ್ಲಿ ಅವನಿಗೆ ನಿಜ ಕಾಣುತ್ತದೆ. ಕಂಡದ್ದನ್ನು ಇನ್ನೊಬ್ಬರಿಗೆ ಹೇಳಲು ಅವನು ಉಳಿಯುವುದಿಲ್ಲ. ಪೋಲೀಸರು ಬಂದಾಗ ದೊಡ್ಡವರಲ್ಲಿ ಬದುಕಿದ್ದವಳು ನಿಕಾ ಒಬ್ಬಳೇ. ಗೊಂಬೆ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದೆ. ನ್ಯಾಯಸ್ಥಾನ ಅವಳನ್ನು ಚಿತ್ತಭ್ರಮೆಯವಳೆಂದು ನಿರ್ಣಯಿಸಿ ಆಸ್ಪತ್ರೆಗೆ ಕಳುಹಿಸುತ್ತದೆ. ಅವಳು ಹೋಗುವಾಗ ಗೊಂಬೆಯ ಕಡೆ ತಿರುಗಿ, ತಾನು ಇನ್ನೂ ಬದುಕಿದ್ದೇನೆಂದು ಹಂಗಿಸುತ್ತಾಳೆ.

ಅತ್ತೆ ಇದನ್ನು ಇನ್ನೊಂದು ಸಲ ಹಾಕಿಸಿ ನೋಡಿದರು. ಆಮೇಲೆ ಹೇಳಿದರು: “ಅವ್ಳು ಬರ್ದಿಡ್ಬೇಕಾಗಿತ್ತು ಕಣಪ್ಪ. ಮೊದಲ್ನೇ ದಿನದಿಂದ. ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ?”

ದೀಪಾವಳಿಗೆ ಬಂಧುಗಳು ಮತ್ತೆ ಬಂದರು. ಈ ಸಲ ಅತ್ತೆ ಮೊದಲೇ ಅಪ್ಪನಿಂದ ಪತ್ರ ಈಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದು ವಾರ ಅದನ್ನು ಓದಿದ್ದರು. ನಾಲ್ಕನೆಯ ತರಗತಿಯ ಓದಿಗೆ ನೋಂದಣಿ ಕಚೇರಿಯ ಕನ್ನಡ ಸುಲಭವಲ್ಲ. ಗೊತ್ತಾಗದ ಮಾತುಗಳಿಗೆ ಗೆರೆ ಹಾಕಿಟ್ಟುಕೊಂಡು ನನಗೆ ಫೋನು ಮಾಡಿ ಕೇಳುತ್ತಿದ್ದರು. ‘ನಿರುಪಾಧಿಕವಾಗಿ’ ಎಂದರೇನೆಂದು ನಾನೂ ನಿಘಂಟು ನೋಡಿ ಹೇಳಬೇಕಾಯಿತು. ಬಂದವರ ಮುಂದೆ ಅತ್ತೆ ಪತ್ರವನ್ನು ಗಟ್ಟಿಯಾಗಿ ಓದಿದರು, ತಡವರಿಸುತ್ತ, ಮೊದಲಿನಿಂದ ಕೊನೆಯವರೆಗೆ. ಮುಗಿಯುವವರೆಗೆ ಯಾರೂ ಮಾತನಾಡುವಂತಿರಲಿಲ್ಲ. ಆಮೇಲೆ ಒಂದು ಬಿಳಿಯ ಹಾಳೆ ತೆಗೆದರು. ತಾವು ಈ ಮನೆಯಲ್ಲಿಯೇ ಇರತಕ್ಕದ್ದು, ನಡುಮನೆಯೂ ಬಚ್ಚಲೂ ಹಿತ್ತಲ ಬಾಗಿಲೂ ತಮ್ಮ ಪಾಲಿಗೆ ಬರತಕ್ಕದ್ದು ಎಂದು ಅವರದೇ ದುಂಡಕ್ಷರದಲ್ಲಿ ಬರೆದಿತ್ತು. ಕೆಳಗೆ ಸಹಿ, ದಿನಾಂಕ. ಕೊಲೆಗಡುಕ ಗೊಂಬೆಯಿಂದ ಇದೆಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಮರಳಿನ ಮೇಲೆ ನನ್ನಿಂದ ತಿದ್ದಿಸಿದ ಕೈ ಅದು. ಬರೆಯುವುದು ಅದಕ್ಕೆ ಮೊದಲಿನಿಂದಲೂ ಗೊತ್ತು.

ವ್ಯವಹಾರ ಇನ್ನೂ ತೀರ್ಮಾನವಾಗಿಲ್ಲ. ಎರಡು ಪತ್ರಗಳೂ ಅತ್ತೆಯ ಟ್ರಂಕಿನಲ್ಲಿವೆ, ಬೀಗದ ಕೈ ಅವರ ಕೊರಳ ಸರದಲ್ಲಿದೆ. ಬಂಧುಗಳು ಸಂಕ್ರಾಂತಿಗೆ ಬರಲಿಲ್ಲ. ಅಪ್ಪನಿಗೆ ಅದರ ನೋವುಂಟು.

ನಿಕಾಳ ಕಥೆ 2017ರ ಏಳನೆಯ ಚಿತ್ರದಲ್ಲಿ, ಆ ಆಸ್ಪತ್ರೆಯಲ್ಲಿಯೇ ಮುಂದುವರಿಯುತ್ತದೆ. ಅದನ್ನೂ ಮ್ಯಾನ್ಸೀನಿಯೇ ಬರೆದು ನಿರ್ದೇಶಿಸಿದ. 2019ರಲ್ಲಿ ಬೇರೆಯವರು ಹೊಸದಾಗಿ ತೆಗೆದ ‘ಚೈಲ್ಡ್ಸ್ ಪ್ಲೇ’ಗೂ ಅವನಿಗೂ ಸಂಬಂಧವಿಲ್ಲ, ಅದರಲ್ಲಿ ಗೊಂಬೆ ಕೆಡುವುದು ಮಂತ್ರದಿಂದಲ್ಲ, ಯಂತ್ರದ ಬುದ್ಧಿಯಿಂದ. 2021ರಿಂದ 2024ರವರೆಗೆ ಮೂರು ಸೀಸನ್ನುಗಳ ದೂರದರ್ಶನ ಮಾಲೆಯೂ ನಡೆದು ನಿಂತಿತು. ಇದೆಲ್ಲವನ್ನೂ ಅತ್ತೆಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ: “ಆ ಹುಡ್ಗಿ ಆಚೆ ಬರ್ತಾಳೋ ಇಲ್ವೋ, ಅದ್ನ ಹೇಳು.” ಹೇಳಲಿಲ್ಲ. ಪರೀಕ್ಷೆ ಮುಗಿಸಿಕೊಂಡು ಬಂದು ಏಳನೆಯದನ್ನು ತೋರಿಸುತ್ತೇನೆಂದಿದ್ದೇನೆ. ಬೈಗುಳಗಳನ್ನು ಹಾರಿಸಬಾರದೆಂಬ ಕರಾರಿನ ಮೇಲೆ.